ಎರಡೂ ಕಡೆ ಜಾರುವ ಪುಲ್ಲಿ

ಇದು ನಡೆದದ್ದು ಕಾರ್ತಿಕ ಮಾಸದ ಒಂದು ಬುಧವಾರ.

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಭಕ್ತರು ಕೊಟ್ಟ ಹಳೆಯ ಡೀಸೆಲ್ ಕಾರೊಂದಿತ್ತು. ಅದಕ್ಕೆ ಒಂದೇ ಕೆಲಸ. ಸೋಮವಾರ ಮತ್ತು ಗುರುವಾರ ಊರಿನ ಕಾಶವ್ವನನ್ನು ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುವುದು.

ಓಡಿಸುವವನು ಶಿಷ್ಯ ಅಡಿವೇಶ. ಕಾಶವ್ವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸುತ್ತಿದ್ದ. ಆಚೆ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಅವಳು ಹೊರಗೆ ಬರುವ ತನಕ ಕಣ್ಣು ಮುಚ್ಚಿ ಕೂರುತ್ತಿದ್ದ. ಯಾವುದಕ್ಕೂ ಅಂಟಿಕೊಳ್ಳಬಾರದು ಎಂಬುದು ಅವನ ವ್ರತ.

ಆ ವಾರದ ಸೋಮವಾರ ವಾಪಸು ಬರುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿತು. ಹೊಳೆಯ ಹತ್ತಿರ ಕಾರು ನಿಂತೇಬಿಟ್ಟಿತು. ಕುರಿಗಾರರು ಆಶ್ರಮದ ತನಕ ನೂಕಿಕೊಟ್ಟರು.

ಮಂಗಳವಾರ ಅಡಿವೇಶ ಬ್ಯಾಟರಿಗೆ ಚಾರ್ಜು ಹಾಕಿದ. ಕಾರು ಚಾಲೂ ಆಯಿತು. ದೀಪ ಆರಲಿಲ್ಲ.

ಬುಧವಾರ ಬೆಳಿಗ್ಗೆ ಬಾನೆಟ್ ಎತ್ತಿದ. ಎಂಜಿನ್ ಓಡುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದ. ಹದಿನಾಲ್ಕು ವೋಲ್ಟ್ ಇರಬೇಕಾದಲ್ಲಿ ಹನ್ನೆರಡೂ ಇರಲಿಲ್ಲ. ಎಂಜಿನ್ನಿನ ಓಟದಿಂದ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಬೇಕಾದ ಆಲ್ಟರ್ನೇಟರ್ ಏನನ್ನೂ ಹುಟ್ಟಿಸುತ್ತಿರಲಿಲ್ಲ.

ವೈರುಗಳು ಬಿಗಿಯಾಗಿದ್ದವು. ಬೆಲ್ಟು ಓಡುತ್ತಿತ್ತು. ಬೆಲ್ಟಿನ ಜೊತೆ ಆಲ್ಟರ್ನೇಟರಿನ ಪುಲ್ಲಿಯೂ ತಿರುಗುತ್ತಿತ್ತು.

ಎಂಜಿನ್ ಬಂದ್ ಮಾಡಿ, ಬ್ಯಾಟರಿಯ ವೈರು ಕಳಚಿ, ಆಲ್ಟರ್ನೇಟರನ್ನು ಬಿಚ್ಚಿ ತಂದು ಬೇವಿನಕಟ್ಟೆಯ ಮೇಲಿಟ್ಟ.

ಕಾಶವ್ವ ಕೋಲೂರಿಕೊಂಡು ಬಂದಳು.

“ತಮ್ಮಾ, ನಾಳೆ ಗಾಡಿ ಹೊಂಡತೈತಿಲ್ಲೊ?”

“ನೋಡೂಣು.” ಅವನು ತಲೆ ಎತ್ತಲಿಲ್ಲ.

ಕಾಶವ್ವ ಬಾತ ಪಾದವನ್ನು ಅವನ ಕಣ್ಣಿಗೆ ಬೀಳುವಂತೆ ಚಾಚಿದಳು. ಬಗ್ಗಿ ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು. ಬಿದ್ದ ಕುಳಿ ಹಾಗೇ ಉಳಿಯಿತು.

“ನಿನ್ನ ನೋಡೂಣು ಇದಕ್ಕ ತಿಳಿಯೂದಿಲ್ಲಪಾ. ನಾಳೆ ತಪ್ಪಿದ್ರ ನೀರು ಎದಿಗೆ ಏರತೈತಿ ಅಂದಾರ ಡಾಕ್ಟರು. ಬಸ್ ಹತ್ತಂದ್ರ ಈ ಕಾಲು ಒಲ್ಲೆ ಅಂತಾವು.”

“ಎಲ್ಲಾ ದೇವರಿಚ್ಛಾ.”

“ದೇವರಿಗೆ ಗಾಡಿ ಹೊಡ್ಯಾಕ ಬರತೈತೇನು? ಬಂದ್ರ ಅವನ್ನ ಕಳಿಸು,” ಎಂದು ಅವಳು ಹೊರಟುಹೋದಳು.

ಆಶ್ರಮದ ಗುರು ಮಡಿವಾಳಜ್ಜ ಬಂದು ಕಟ್ಟೆಯ ಮೇಲೆ ಕೂತರು. ಅಜ್ಜನಿಗೆ ಕಾರಿನ ವಿಷಯ ಏನೂ ಗೊತ್ತಿರಲಿಲ್ಲ. ಎದುರಿಗಿದ್ದುದನ್ನು ಸುಮ್ಮನೆ ನೋಡುತ್ತ ಕೂರುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

“ಏನ್ ಕೆಟ್ಟೈತೊ?”

“ಆಲ್ಟರ್ನೇಟರ್ರೀ ಅಜ್ಜಾರ. ಅಂಗಡಿಯಾಂವಗ ಫೋನ್ ಮಾಡಿದ್ದೆ. ಹೊಸಾದು ತರಸಾಕ ಮೂರು ದಿನ ಹಿಡೀತೈತಿ ಅಂದ.”

“ಕಾಶವ್ವ ಮೂರು ದಿನ ಹಿಡೀತಾಳೇನು?”

ಅಡಿವೇಶ ಅರಿವೆಯಿಂದ ಆಲ್ಟರ್ನೇಟರಿನ ಮಸಿ ಒರೆಸತೊಡಗಿದ. ಅಜ್ಜ ಅದರ ತುದಿಗೆ ಬೆರಳು ಮಾಡಿದರು.

“ಈ ಗಾಲಿ ಏನು?”

“ಅದು ಪುಲ್ಲಿ. ಅದಕ್ಕೇನೂ ಆಗಿಲ್ರಿ.” ಬೆರಳಿನಿಂದ ತಿರುಗಿಸಿ ತೋರಿಸಿದ. ಬಲಕ್ಕೆ ತಿರುಗಿತು. ಎಡಕ್ಕೂ ತಿರುಗಿತು. “ಯಾವ ಕಡೀನೂ ಅಡ್ಡಿಲ್ಲ, ಎಲ್ಲೂ ಅಂಟಿಲ್ಲ. ಪಕ್ಕಾ ವೈರಾಗಿ.”

“ನಿನ್ನ ಅಣ್ಣತಮ್ಮ ಅನ್ನು.”

ಅಜ್ಜ ತಲೆಯ ಮೇಲಿನ ಕೊಂಬೆಯಿಂದ ಒಂದು ಬೇವಿನ ಕಡ್ಡಿ ಮುರಿದರು. ಆಲ್ಟರ್ನೇಟರಿನ ಬೆನ್ನಿನ ಸೀಳಿನಲ್ಲಿ ಅದನ್ನು ತೂರಿಸಿದರು. ಒಳಗಿನ ಫ್ಯಾನಿನ ರೆಕ್ಕೆಗಳ ನಡುವೆ ಕಡ್ಡಿ ಸಿಕ್ಕಿಕೊಂಡಿತು.

“ಈಗ ತಿರುಗಿಸು.”

ಅಡಿವೇಶ ಪುಲ್ಲಿಯನ್ನು ತಿರುಗಿಸಿದ. ಒಳಗಿನದೂ ಜೊತೆಗೆ ತಿರುಗಿದ್ದರೆ ಕಡ್ಡಿ ಮುರಿಯಬೇಕಿತ್ತು. ಮುರಿಯಲಿಲ್ಲ, ಬಾಗಲೂ ಇಲ್ಲ. ಪುಲ್ಲಿ ಸರಾಗವಾಗಿ ತಿರುಗಿತು.

“ಆ ಕಡೆ?”

ಆ ಕಡೆಗೂ ತಿರುಗಿತು. ಕಡ್ಡಿ ಅಲುಗಲಿಲ್ಲ.

“ಒಳಗಿಂದು ತಿರಗಾಕತ್ತೈತೇನು?”

“ಇಲ್ರಿ.”

“ಮತ್ತ ಇದು ಯಾರ ಸಲುವಾಗಿ ತಿರಗಾಕತ್ತೈತಿ?”

ಅಡಿವೇಶ ಪುಲ್ಲಿಯನ್ನು ಇನ್ನೊಮ್ಮೆ ಎರಡೂ ಕಡೆ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

“ಅಂಟಬಾರದು ಅಂತ ನೀವ ಹೇಳೀರಲ್ರೀ.”

“ಹೇಳೀನಿ. ಅರ್ಧಾ ಕೇಳಿ ಎದ್ದು ಹೋದಿ ನೀ.”

ಕೆಟ್ಟದ್ದು ಪುಲ್ಲಿ ಮಾತ್ರ; ಬರೀ ಪುಲ್ಲಿಯಾದರೆ ಪಟ್ಟಣದ ಅಂಗಡಿಯಲ್ಲೇ ಇತ್ತು. ಅಡಿವೇಶ ಮಧ್ಯಾಹ್ನದ ಬಸ್ಸು ಹಿಡಿದು ಹೋಗಿ, ಹೊತ್ತು ಮುಳುಗುವ ಮುಂಚೆ ಅದನ್ನು ತಂದ. ಹಳೆಯ ಪುಲ್ಲಿ ಬಿಚ್ಚಲು ಬೇಕಾದ ಹಲ್ಲಿನ ಪಾನಾವನ್ನೂ ಒಬ್ಬ ಮೆಕ್ಯಾನಿಕ್ಕನಿಂದ ಕೇಳಿ ತಂದಿದ್ದ. ಪುಲ್ಲಿ ಕೂರುವ ನಡುವಿನ ದಂಡ ತಿರುಗದಂತೆ ಹಿಡಿದು ಹಳೆಯದನ್ನು ಬಿಚ್ಚಿದ. ಹೊಸದನ್ನು ಕೂರಿಸಿ ಬಿಗಿ ಮಾಡಿದ.

ಅಜ್ಜ ಇನ್ನೊಂದು ಕಡ್ಡಿ ತೂರಿಸಿದರು.

ಅಡಿವೇಶ ತಿರುಗಿಸಿದ. ಪುಲ್ಲಿ ಸರಾಗವಾಗಿ ಜಾರಿತು. ಅವನ ಮುಖ ಸಣ್ಣದಾಯಿತು.

“ಹೊಸಾದೂ ಕೆಟ್ಟೈತೇನ್ರೀ?”

“ಇನ್ನೊಂದು ಕಡೆ ತಿರುಗಿಸೋ ಪುಣ್ಯಾತ್ಮ.”

ತಿರುಗಿಸಿದ. ಪುಲ್ಲಿ ದಂಡವನ್ನು ಗಟ್ಟಿಯಾಗಿ ಹಿಡಿಯಿತು. ಕಡ್ಡಿ ಪಟಕ್ಕನೆ ಮುರಿಯಿತು.

“ಎಂಜಿನ್ನು ಎಳೆದಾಗ ಹಿಡೀತೈತಿ,” ಎಂದ ಅಡಿವೇಶ, ತನಗೇ ಹೇಳಿಕೊಳ್ಳುವಂತೆ. “ಎಂಜಿನ್ನು ಸಾವಕಾಶ ಆದಾಗ ಬಿಡತೈತಿ. ಬಿಡದಿದ್ರ ಬೆಲ್ಟು ಹರೀತೈತಂತ್ರಿ. ಅಂಗಡಿಯಾಂವ ಹೇಳಿದ.”

“ಹಿಡೀದಿದ್ರ?”

ಅಡಿವೇಶ ಕಾಶವ್ವ ಹೋದ ದಾರಿಯ ಕಡೆ ನೋಡಿದ. ಬೆಳಕಿರುವಾಗಲೇ ಆಲ್ಟರ್ನೇಟರನ್ನು ಅದರ ಜಾಗಕ್ಕೆ ಕೂರಿಸಿದ.

ಗುರುವಾರ ಬೆಳಿಗ್ಗೆ ಕಾರು ಚಾಲೂ ಆಯಿತು. ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಮೀಟರ್ ಹದಿನಾಲ್ಕು ದಾಟಿತು.

ಕಾಶವ್ವ ಹಿಂದಿನ ಸೀಟಿನಲ್ಲಿ ಏದುತ್ತ ಕೂತಳು.

“ಇವತ್ತು ನಾನೂ ಇಳಿದು ನೂಕೂದೈತೇನೊ?”

“ಇಲ್ಲಬೇ ಯವ್ವಾ.”

ಕಾಶವ್ವ ಕನ್ನಡಿಯಲ್ಲಿ ಅವನ ಮುಖ ನೋಡಿದಳು. “ನಿನಗ ಯವ್ವಾ ಅನ್ನಾಕೂ ಬಾಯಿ ಐತಿ,” ಎಂದಳು.

ಕಾರು ಅಂಗಳ ದಾಟಿತು. ಬಾಗಿಲ ಬಳಿ ನಿಂತಿತು. ಅಡಿವೇಶ ಕಿಟಕಿಯ ಗಾಜು ಇಳಿಸಿದ.

“ಅಜ್ಜಾರ, ಆಸ್ಪತ್ರಿ ಒಳಗ ಈಕೀ ಬಾಜೂಕ ಎಷ್ಟೊತ್ತು ಕುಂದರಬೇಕ್ರೀ?”

“ನೀ ಮರದ ಕೆಳಗ ಕುಂತಷ್ಟ ಹೊತ್ತು. ನಾಲ್ಕು ತಾಸು ಹಿಡಿ, ಆಮ್ಯಾಲ ಬಿಡು.”