ಹದ್ದನ್ನು ಹಿಂದಕ್ಕೆಳೆದ ಗಾಳಿ

ಲೋಕ ಹೊಸದಾಗಿದ್ದಾಗ, ಬೆಟ್ಟದ ಬಂಡೆಗಳು ಒಲೆಯಿಂದ ಈಗಷ್ಟೇ ಇಳಿಸಿದ ಕಾವಲಿಯ ಹಾಗೆ ಬಿಸಿಯಾಗಿದ್ದಾಗ, ಗಾಳಿಗೆ ಎರಡು ಕೈಗಳಿದ್ದವು. ಒಂದು ಕೈ ಹಕ್ಕಿಯ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತಿತ್ತು. ಇನ್ನೊಂದು ಕೈ ಹಕ್ಕಿಯನ್ನು ಹಿಂದಕ್ಕೆ ಎಳೆಯುತ್ತಿತ್ತು.

ಎತ್ತುವ ಕೈಯನ್ನು ಯಾರೂ ನೆನೆಯಲಿಲ್ಲ. ಎಳೆಯುವ ಕೈಯನ್ನು ಎಲ್ಲರೂ ಬೈದರು. ಆಗಲೂ ಲೋಕ ಹೀಗೇ ಇತ್ತು ಮಗು, ಇದೇನೂ ಹೊಸದಲ್ಲ.

ಎಲ್ಲರಿಗಿಂತ ಹೆಚ್ಚು ಬೈದವಳು ಕೆಂಚಿ ಎಂಬ ಹದ್ದು. ಬಂಡೆಯ ತುದಿಯಲ್ಲಿ ಅವಳ ಗೂಡು. ಗೂಡಿನಲ್ಲಿ ಒಂದೇ ಮರಿ. ಬೋಳು ತಲೆ, ದೊಡ್ಡ ಬಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಕೆಂಚಿಗೆ ಆ ಮರಿಯೇ ಪ್ರಾಣ.

ಆ ವರ್ಷ ಇಲಿಗಳು ಕಡಿಮೆ. ಕೆಂಚಿ ಎರಗುವಷ್ಟರಲ್ಲಿ ಇಲಿ ಬಿಲ ಸೇರುತ್ತಿತ್ತು. ದಿನವೂ ಉಗುರಲ್ಲಿ ಏನೂ ಇಲ್ಲದೆ ಗೂಡಿಗೆ ಮರಳುತ್ತಿದ್ದಳು. ಮರಿ ಸೊರಗಿ, ಕೂಗಲೂ ಆಗದೆ ಬಾಯಿ ತೆರೆದುಕೊಂಡು ಮಲಗಿರುತ್ತಿತ್ತು.

ಕೆಂಚಿ ಇಲಿಯನ್ನು ಬೈಯಲಿಲ್ಲ. ಗಾಳಿಯನ್ನು ಬೈದಳು.

"ಗಾಳಣ್ಣ, ಕೆಲಸಕ್ಕೆ ಹೊರಟೋರನ್ನ ಹಿಂದಿನಿಂದ ಕರೀಬಾರದು ಅಂತಾರೆ. ಎಲ್ಲಿಗೆ ಅಂತ ಕೂಡ ಕೇಳಬಾರದು. ನೀನು ನೋಡಿದ್ರೆ ದಿನಾ ಪುಕ್ಕ ಹಿಡಿದು ಎಳೀತೀಯ! ಹೋದ ಕೆಲಸ ಹೇಗೆ ಆಗುತ್ತೆ? ನನ್ನ ಮರಿ ಸಾಯ್ತಿದೆ ಅಣ್ಣಾ."

"ತಂಗೀ, ಅದು ಅಪಶಕುನ ಅಲ್ಲ," ಎಂದಿತು ಗಾಳಿ. "ಎತ್ತೋ ಕೈಯೂ ಎಳೆಯೋ ಕೈಯೂ ಜೋಡಿ. ಹೋಗೋಕೆ ಒಂದು ಬೇಕು, ಬಂದು ಇಳಿಯೋಕೆ ಇನ್ನೊಂದು ಬೇಕು."

"ಬರೋದು ನಂಗೆ ಗೊತ್ತು. ನೀನು ಬಿಡು. ನನ್ನ ಮರಿ ಮೇಲಾಣೆ, ಇನ್ನು ನನ್ನನ್ನ ಎಳೀಬೇಡ."

ಮರಿಯ ಮೇಲೆ ಆಣೆ ಇಟ್ಟ ಮೇಲೆ ಗಾಳಿ ಏನು ಮಾಡೀತು? ಎಳೆಯುವ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಕೆಂಚಿ ಎಂದೂ ಹಾರದಷ್ಟು ಜೋರಾಗಿ ಹಾರಿದಳು. ಇಲಿ ತಲೆ ಎತ್ತುವ ಮೊದಲೇ ಅವಳ ಉಗುರಿಗೆ ಸಿಕ್ಕಿತು. "ಬಂದೆ ಕಂದಾ, ಬಂದೆ!" ಎಂದು ಕೂಗುತ್ತ ಗೂಡಿನ ಕಡೆ ತಿರುಗಿದಳು. ತಾಯಿಯ ದನಿ ಕೇಳಿ ಮರಿ ಕಷ್ಟಪಟ್ಟು ಎದ್ದು, ಗೂಡಿನ ಅಂಚಿಗೆ ಬಂದು ಬಾಯಿ ತೆರೆಯಿತು.

ಗೂಡು ಹತ್ತಿರ ಬಂತು. ಕೆಂಚಿ ರೆಕ್ಕೆ ಬಿಚ್ಚಿದಳು, ಬಾಲ ಹರಡಿದಳು. ವೇಗ ತಗ್ಗಲಿಲ್ಲ. ಮೇಲಕ್ಕೆ ತಿರುಗಲು ಜಾಗ ಉಳಿದಿರಲಿಲ್ಲ.

"ಅಣ್ಣಾ, ಎಳಿ! ಎಳಿ!" ಎಂದು ಕಿರುಚಿದಳು.

ಗಾಳಿ ಕೈ ಚಾಚುವಷ್ಟರಲ್ಲಿ ಅವಳು ಗೂಡಿಗೆ ಬಡಿದಾಗಿತ್ತು. ಕಡ್ಡಿಗಳು ಚೆದುರಿದವು. ಮರಿ ಬಂಡೆಯಿಂದ ಕೆಳಗೆ ಬಿತ್ತು. ಅದಕ್ಕೆ ಇನ್ನೂ ಪುಕ್ಕ ಬಂದಿರಲಿಲ್ಲ, ಮಗು. ಎತ್ತುವ ಕೈಗೆ ಹಿಡಿಯಲು ಏನೂ ಸಿಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಉಳಿದ ಹಕ್ಕಿಗಳು ಆಡಿಕೊಂಡವು. ನಾನು ಹಾಗೆ ಅನ್ನಲಾರೆ. ಹೊಟ್ಟೆ ತುಂಬಿದವರು ಹಸಿದ ಮರಿಯ ತಾಯಿಗೆ ಬುದ್ಧಿ ಹೇಳುವುದು ಬಹಳ ಸುಲಭ.

ಕೆಂಚಿ ನೊಂದ ರೆಕ್ಕೆ ಎಳೆದುಕೊಂಡು ಮರಿಯ ಪಕ್ಕ ಕೂತಳು. ಗಾಳಿಯೂ ಬಂದು ಕೂತಿತು. ಅಂದು ಬೆಟ್ಟದಲ್ಲಿ ಒಂದು ಎಲೆಯೂ ಅಲುಗಲಿಲ್ಲ.

"ನನ್ನ ಮಾತು ಯಾಕೆ ಕೇಳಿದೆ ಅಣ್ಣಾ?" ಎಂದಳು ಕೆಂಚಿ.

"ಮರಿ ಮೇಲೆ ಆಣೆ ಇಟ್ಟೆಯಲ್ಲ ತಂಗಿ. ಮೀರಿದ್ರೆ ಮರಿಗೆ ಏನಾದ್ರೂ ಆಗುತ್ತೆ ಅಂತ ಹೆದರಿದೆ."

ಇಬ್ಬರೂ ಬಹಳ ಹೊತ್ತು ಅತ್ತರು. ಆಮೇಲೆ ಗಾಳಿ ಎದ್ದು ಎಲ್ಲ ಹಕ್ಕಿಗಳಿಗೂ ಕೇಳುವಂತೆ ಹೇಳಿತು: "ಇನ್ನು ಯಾರು ಆಣೆ ಇಟ್ಟರೂ ನನ್ನ ಎರಡು ಕೈ ಅಗಲಿಸಲ್ಲ. ಎತ್ತಿದವರನ್ನ ಎಳೆದೇ ಎಳೀತೀನಿ. ಮೈ ಕಿರಿದು ಮಾಡ್ಕೊಂಡ್ರೆ ಮೆಲ್ಲಗೆ, ರೆಕ್ಕೆ ಬಾಲ ಹರಡಿ ಎದೆ ಒಡ್ಡಿದ್ರೆ ಗಟ್ಟಿಯಾಗಿ."

ಅದಕ್ಕೇ ಮಗು, ಇವತ್ತಿಗೂ ಹದ್ದು ಗೂಡಿಗೆ ಇಳಿಯುವಾಗ ಎದೆ ಎತ್ತಿ, ರೆಕ್ಕೆ ಬಾಲ ಅಗಲಿಸಿ ಗಾಳಿಗೆ ಒಡ್ಡುತ್ತದೆ. ನೆಲ ಮುಟ್ಟಿದ ವಿಮಾನವೂ ರೆಕ್ಕೆಯ ಮೇಲಿನ ತಗಡುಗಳನ್ನು ಎಬ್ಬಿಸಿ ನಿಲ್ಲಿಸಿ, ಒಳಗೆ ಮಕ್ಕಳಿದ್ದಾರೆ, ಗಟ್ಟಿಯಾಗಿ ಹಿಡಿದುಕೋ ಎಂದು ಗಾಳಿಯನ್ನು ಬೇಡುತ್ತದೆ.