ಆಮೆಯ ನಿಯಮ, ಏಡಿಯ ಪ್ರಶ್ನೆ

ನಾಡಿನ ಹೊಳೆಯೊಡ್ಡುಗಳನ್ನೆಲ್ಲ ಕಾಯುವುದಕ್ಕೆ ನಿಯಮ ಬರೆದ ಆಮೆ, ಆ ನಿಯಮಗಳನ್ನು ಪರಿಶೀಲಿಸಲು ಬಲ್ಲವರನ್ನು ಕರೆಸಿತು. ಕೊಕ್ಕರೆ ಕಣ್ಣಾಡಿಸುವ ಮೊದಲೇ, ‘ಬಹಳ ಚೆನ್ನಾಗಿದೆ ಸ್ವಾಮಿ!’ ಎಂದಿತು. ಆಮೆ ಉಬ್ಬಿಹೋಯಿತು.

ಏಡಿ ಮಾತ್ರ ಕೇಳಿತು: ‘ಕಾವಲಿನವರು ಹೊಳೆಯ ಕಡೆಯಷ್ಟೇ ನೋಡಬೇಕು ಎಂದಿದ್ದೀರಿ. ಒಡ್ಡು ಕೊರೆದೇ ಬಾಳುವವನು ನಾನು. ನೀರು ಕದ್ದು ಹೊರಬರುವುದು ಗದ್ದೆಯ ಕಡೆಗೆ. ಅಲ್ಲಿ ನೋಡುವವರು ಯಾರು?’

ಆಮೆ ಮುಖಭಂಗವಾಗಿ ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡಿತು. ಆದರೂ ಮನಸ್ಸು ತಡೆಯದೆ ಗದ್ದೆಯ ಕಡೆಗೆ ಇಳಿದು ನೋಡಿತು. ಒಡ್ಡಿನ ಬುಡದಲ್ಲಿ ಕೆಸರುನೀರು ಬುಳುಬುಳು ಉಕ್ಕುತ್ತಿತ್ತು! ಎಲ್ಲರೂ ಓಡಿಬಂದು ಆ ಬುಗ್ಗೆಯ ಸುತ್ತ ಮಣ್ಣಿನ ಕಟ್ಟೆ ಕಟ್ಟಿದರು; ಒಳಗೆ ನಿಂತ ನೀರಿನ ಭಾರಕ್ಕೆ ಉಕ್ಕುವುದು ತಗ್ಗಿ ಒಡ್ಡು ಉಳಿಯಿತು.

ಆಮೆ ಉಸಿರು ಬಿಟ್ಟು, ಕತ್ತನ್ನು ಪೂರ್ತಿ ಹೊರಚಾಚಿತು. ‘ಏಡಿರಾಯರೇ, ನನ್ನ ತಪ್ಪು ಹೊಳೆಯ ಕೈಗೆ ಸಿಗುವ ಮೊದಲು ನಿಮ್ಮ ಕೈಗೆ ಸಿಕ್ಕಿತಲ್ಲ, ಬದುಕಿದೆ!’