ಹುಳು ಇರುವ ನೀರು

"ಗುರುಗಳೇ, ಕೇಳಿದ್ದಕ್ಕೆ ನಿಜವನ್ನೇ ಹೇಳಿದವನಿಗೂ ದೋಷ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ. ಗುರುಗಳು ಅವನ ಮುಖ ನೋಡಿದರು. ಆಮೇಲೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಚರಂಡಿಯ ನೀರನ್ನೆಲ್ಲ ತಿಳಿ ಮಾಡಿ ಕೆರೆಗೆ ಬಿಡುವ ಘಟಕವಿತ್ತು. ಅಲ್ಲೊಬ್ಬ ನೌಕರ. ದಿನಾ ಬೆಳಿಗ್ಗೆ ತೊಟ್ಟಿಯಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ಕೆಲಸ. ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ತೇಲಾಡುವ ಬ್ಯಾಕ್ಟೀರಿಯಾಗಳನ್ನು ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳು ತಿನ್ನುತ್ತವೆ. ನೀರು ತಿಳಿಯಾಗುವುದು ಆಗಲೇ. ಅಷ್ಟುದ್ದದ ಹೆಸರು ಯಾರಿಗೆ ಬೇಕು? ಘಟಕದವರು ಅವನ್ನು ಹುಳು ಎನ್ನುತ್ತಿದ್ದರು. ಹುಳು ಚುರುಕಾಗಿದ್ದರೆ ನೀರು ಚೆನ್ನಾಗಿದೆ ಎಂದೇ ಅರ್ಥ.

ಆ ಕೆರೆಯಲ್ಲಿ ಮೀನು ಸಾಕುತ್ತಿದ್ದವನು ನೌಕರನ ಗೆಳೆಯ. ಕೆರೆ ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ. ಇವತ್ತು ಹುಳು ಹೇಗಿವೆ ಎಂದು ಗೆಳೆಯನನ್ನು ಕೇಳಿಕೊಂಡೇ ಅವನು ನೀರಿಗಿಳಿಯುತ್ತಿದ್ದ.

ಘಟಕಕ್ಕೆ ಹೊಸ ಅಧಿಕಾರಿಯೊಬ್ಬ ಬಂದ. ಬಂದ ವಾರದಲ್ಲೇ, ಏನೋ ತಿಳಿಸಹೋದ ನೌಕರನನ್ನು ಎಲ್ಲರೆದುರು, ಇಂಜಿನಿಯರ್ ನೀನೋ ನಾನೋ ಎಂದು ಗದರಿಸಿದ. ನೌಕರ ಅದನ್ನು ಮರೆಯಲಿಲ್ಲ.

ಒಂದು ದಿನ ಅಧಿಕಾರಿ ತೊಟ್ಟಿಯ ಬಳಿ ನಿಂತು ಕೇಳಿದ: "ಇದರಲ್ಲಿ ಹುಳ ಇವೆಯೇನಯ್ಯಾ?"

"ಬೇಕಾದಷ್ಟಿವೆ ಸಾರ್."

ಅಧಿಕಾರಿ ಮುಖ ಸಿಂಡರಿಸಿದ. ಅವನ ಪಾಲಿಗೆ ಹುಳು ಎಂದರೆ ಹುಳು. ಬದನೆಕಾಯಿಯಲ್ಲಿದ್ದರೂ ಒಂದೇ, ನೀರಲ್ಲಿದ್ದರೂ ಒಂದೇ. ಬ್ಲೀಚಿಂಗ್ ಪೌಡರಿನ ಮೂಟೆಗಳನ್ನು ತರಿಸಿ ತೊಟ್ಟಿಗೆ ಸುರಿಯಲು ಹೇಳಿದ.

ಅಧಿಕಾರಿ ತಪ್ಪಾಗಿ ತಿಳಿದನೆಂಬುದು ನೌಕರನಿಗೆ ಆ ಕ್ಷಣವೇ ಗೊತ್ತಾಯಿತು. ನೀರನ್ನು ತಿಳಿ ಮಾಡುವುದು ಇವೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಇಂಜಿನಿಯರ್ ಅವನಲ್ಲವೇ, ಅನುಭವಿಸಲಿ ಎಂದುಕೊಂಡು ನುಂಗಿದ. ಅವನ ಸೊಕ್ಕಿಳಿಯುವುದನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು. ಮೂಟೆ ಬಿಚ್ಚಲು ತಾನೇ ಕೈಹಾಕಿದ.

ಮರುದಿನ ಹನಿಯಲ್ಲಿ ಒಂದೂ ಮಿಸುಕಲಿಲ್ಲ. ನೌಕರನಿಗೆ ಭಯವಾಯಿತು. ಗೆಳೆಯನಿಗೆ ಹೇಳಲು ಬಾಯಿ ಬಾರದೆ, ಅಂದು ಕೆರೆಯ ದಾರಿ ಬಿಟ್ಟು ಬಳಸಿಕೊಂಡು ಮನೆಗೆ ಹೋದ. ಮೂರನೆಯ ದಿನ ಕೊಳೆ ಕೊಳೆಯಾಗಿಯೇ ಕೆರೆಗಿಳಿಯಿತು. ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಟ್ಟವು. ಮಧ್ಯಾಹ್ನದ ಹೊತ್ತಿಗೆ ಕೆರೆಯ ತುಂಬ ಅವುಗಳ ಬಿಳಿ ಹೊಟ್ಟೆ. ಅಧಿಕಾರಿಗೆ ಆದದ್ದು ಬೇರೊಂದು ಊರಿಗೆ ವರ್ಗ, ಅಷ್ಟೇ.

ಮೀನುಗಾರ ಸೊಂಟದವರೆಗಿನ ನೀರಿನಲ್ಲಿ ನಿಂತು ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ನೌಕರ ದಡದಲ್ಲಿ ನಿಂತು ನಡೆದದ್ದನ್ನೆಲ್ಲ ವಿವರಿಸಿದ. ಅಧಿಕಾರಿಯ ತಿಳಿಗೇಡಿತನವನ್ನು ಬಯ್ದ. "ನಾನು ಸುಳ್ಳೇನೂ ಹೇಳಲಿಲ್ಲ ಕಣೋ," ಎಂದ. ಮೀನುಗಾರ ಬುಟ್ಟಿ ಹೊತ್ತು ಅವನ ಪಕ್ಕದಲ್ಲೇ ಹಾದುಹೋದ. ಆಮೇಲೆ ಬದುಕಿರುವವರೆಗೂ ಅವನನ್ನು ಮಾತಾಡಿಸಲಿಲ್ಲ.

ಗುರುಗಳು ಕತೆಯನ್ನು ಇಷ್ಟಕ್ಕೆ ಮುಗಿಸಿದರು. ಶಿಷ್ಯ, ಹಾಗಾದರೆ ಆ ನೌಕರನ ತಪ್ಪು ಎಷ್ಟೆಂದು ಕೇಳಲು ಬಾಯಿ ತೆರೆದ.

"ಅವನದು ಹಾಗಿರಲಿ," ಎಂದರು ಗುರುಗಳು, "ನೀನು ನುಂಗಿದ ಮಾತು ಯಾವುದು?"